ಸಹಿಗೆ ಮುಂಚೆ ಹೇಳಬೇಕಾದ್ದು

ಸ್ತನದ ಗಾತ್ರ ತಗ್ಗಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 179 ಮಹಿಳೆಯರನ್ನು ಗಮನಿಸಿ ಅಮೆರಿಕದಲ್ಲಿ ನಡೆದ 'ಬ್ರಾವೊ' ಎಂಬ ಅಧ್ಯಯನದ ತೊಡಕುಗಳ ಲೆಕ್ಕ 2005ರಲ್ಲಿ ಹೊರಬಂತು. ಅವರಲ್ಲಿ 77 ಮಂದಿಗೆ, ಎಂದರೆ ನೂರಕ್ಕೆ 43ರಷ್ಟು ಜನರಿಗೆ, ಆಪರೇಷನ್ ಆದ ಮೇಲೆ ಒಂದಲ್ಲ ಒಂದು ತೊಡಕು ಕಾಣಿಸಿಕೊಂಡಿತ್ತು. ಇಷ್ಟನ್ನೇ ಓದಿ ಪುಟ ಮಗುಚಿದವರು ಈ ಚಿಕಿತ್ಸೆಯ ಗೋಜಿಗೇ ಹೋಗಲಾರರು. ಆದರೆ ಅದೇ ಅಧ್ಯಯನದ ಇನ್ನೊಂದು ಲೆಕ್ಕ 2002ರಲ್ಲೇ ಪ್ರಕಟವಾಗಿತ್ತು. ಆಪರೇಷನ್‌ಗೆ ಮುನ್ನ ಸುಮಾರು ಅರ್ಧದಷ್ಟು ಮಹಿಳೆಯರು ಸದಾ ಅಥವಾ ಬಹುಪಾಲು ಹೊತ್ತು ನೋವಿನಲ್ಲೇ ಇರುವುದಾಗಿ ಹೇಳಿದ್ದರು. ಆಮೇಲೆ ಹಾಗೆ ಹೇಳಿದವರು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಎರಡು ಲೆಕ್ಕವೂ ಸರಿ. ಹೆಚ್ಚುಕಡಿಮೆ ಅರ್ಧ ಜನರಿಗೆ ತೊಡಕು ತರುವ, ಆದರೂ ಬಹುತೇಕ ಎಲ್ಲರ ನೋವನ್ನೂ ಇಳಿಸುವ ಚಿಕಿತ್ಸೆ ಇದು. ಈ ಎರಡು ಮಾತನ್ನು ಒಟ್ಟಿಗೆ ಹೇಳುವ ಅಭ್ಯಾಸ ನಮ್ಮಲ್ಲಿಲ್ಲ. ಒಂದೋ 'ಏನೂ ಆಗುವುದಿಲ್ಲ, ಎರಡು ದಿನದಲ್ಲಿ ಮನೆಗೆ ಹೋಗಬಹುದು' ಎನ್ನುತ್ತೇವೆ, ಇಲ್ಲವೇ 'ಇದೆಲ್ಲ ಯಾಕೆ ಬೇಕಿತ್ತು' ಎನ್ನುತ್ತೇವೆ. ಈ ಶಸ್ತ್ರಚಿಕಿತ್ಸೆಯಲ್ಲಿ ತೊಡಕೆಂದು ಬರೆದುಕೊಳ್ಳುವುದರ ದೊಡ್ಡ ಪಾಲು ಚೇತರಿಕೆಯದೇ ಒಂದು ಹಂತ. ಅದನ್ನು ಅಂಕಿಸಮೇತ ಮೊದಲೇ ಹೇಳದೆ ಇರುವುದರಿಂದ ಆಗುವ ಕೇಡು, ಎಷ್ಟೋ ಸಲ ಆ ತೊಡಕು ಮಾಡುವ ಕೇಡಿಗಿಂತ ದೊಡ್ಡದು ಎಂಬುದು ನನ್ನ ವಾದ.

ಯಾರಿಗೆ, ಏಕೆ ಎಂಬುದನ್ನು ಚುಟುಕಾಗಿ ಮುಗಿಸೋಣ. ದೇಹದ ಅಳತೆಗೆ ಮೀರಿ ಬೆಳೆದ ಸ್ತನದ ಭಾರ ಕತ್ತು, ಭುಜ, ಬೆನ್ನಿನ ಮೇಲೆ ಬೀಳುತ್ತದೆ. ಬ್ರಾ ಪಟ್ಟಿ ಭುಜವನ್ನು ಒತ್ತಿ ಒತ್ತಿ ಅಲ್ಲಿ ಗುಳಿಯೇ ಬೀಳುತ್ತದೆ. ಸ್ತನದ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು ಚರ್ಮ ಕೆಂಪಾಗಿ ಕೆರೆತ ಶುರುವಾಗುತ್ತದೆ. ಕರಾವಳಿಯ ಸೆಕೆಯಲ್ಲಿ ಇದು ಪುಡಿ, ಮುಲಾಮು ಹಚ್ಚಿದಷ್ಟು ದಿನ ಅಡಗಿ ಮತ್ತೆ ಮರುಕಳಿಸುತ್ತದೆ. ಓಡುವುದು, ಯೋಗ ಮಾಡುವುದು ಇರಲಿ, ಬೋರಲಾಗಿ ಮಲಗುವುದೂ ಕಷ್ಟ. ಇದು ಅಂದದ ಪ್ರಶ್ನೆಯಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ, ಆದರೂ ಆ ಮಾತಿಗೆ ಮುಂದೆ ಮರಳಬೇಕಾಗುತ್ತದೆ.

ಆಪರೇಷನ್ ಹೇಗೆ ನಡೆಯುತ್ತದೆಂದು ತಿಳಿದರೆ ತೊಡಕು ಎಲ್ಲಿ ಹುಟ್ಟುತ್ತದೆಂಬುದೂ ತಿಳಿಯುತ್ತದೆ. ಸರ್ಜನ್ ಒಂದೇ ಸಲಕ್ಕೆ ಮೂರು ಕೆಲಸ ಮಾಡಬೇಕು: ಒಳಗಿನ ಗ್ರಂಥಿ ಮತ್ತು ಕೊಬ್ಬಿನ ಒಂದು ಪಾಲನ್ನು ತೆಗೆಯಬೇಕು, ಕೆಳಗೆ ಜೋತುಬಿದ್ದ ಮೊಲೆತೊಟ್ಟನ್ನು ಮೇಲಕ್ಕೆ ಒಯ್ಯಬೇಕು, ಉಳಿದ ಚರ್ಮವನ್ನು ಕತ್ತರಿಸಿ ಹೊಸ ಅಳತೆಗೆ ಕೂರಿಸಬೇಕು. ಇವುಗಳಲ್ಲಿ ನಾಜೂಕಿನದು ಎರಡನೆಯದು. ಮೊಲೆತೊಟ್ಟನ್ನು ದೇಹದಿಂದ ಪೂರ್ತಿ ಬಿಡಿಸುವುದಿಲ್ಲ. ರಕ್ತನಾಳ, ನರಗಳನ್ನು ಹೊತ್ತ ಅಂಗಾಂಶದ ಒಂದು ಕಾಂಡವನ್ನು ಉಳಿಸಿಕೊಂಡು, ಅದರ ಸಮೇತ ತೊಟ್ಟನ್ನು ಹೊಸ ಜಾಗಕ್ಕೆ ಸರಿಸುತ್ತಾರೆ. ಸರ್ಜನ್‌ಗಳ ಬಾಯಲ್ಲಿ ಇದು ಪೆಡಿಕಲ್. ಸ್ತನ ತೀರಾ ದೊಡ್ಡದಿದ್ದು ಕಾಂಡ ಬಹಳ ಉದ್ದವಾದರೆ ತುದಿಗೆ ರಕ್ತ ತಲುಪುವ ಭರವಸೆ ಇರುವುದಿಲ್ಲ. ಅಂಥವರಲ್ಲಿ ತೊಟ್ಟನ್ನು ಪೂರ್ತಿ ತೆಗೆದು ಕಸಿಯಂತೆ ಕೂರಿಸುವುದುಂಟು, ಆಗ ಸ್ಪರ್ಶಜ್ಞಾನದ ಮತ್ತು ಹಾಲೂಡಿಸುವ ಆಸೆಯನ್ನು ಬಹುಮಟ್ಟಿಗೆ ಬಿಡಬೇಕಾಗುತ್ತದೆ. ಇನ್ನು ಚರ್ಮದ ವಿಷಯ. 1956ರಲ್ಲಿ ಅಮೆರಿಕದ ರಾಬರ್ಟ್ ವೈಸ್ ರೂಪಿಸಿದ ಕತ್ತರಿಕೆಯ ಅಚ್ಚು ಇಂದಿಗೂ ಬಳಕೆಯಲ್ಲಿದೆ. ತೊಟ್ಟಿನ ಸುತ್ತ ಒಂದು ವೃತ್ತ, ಅಲ್ಲಿಂದ ಕೆಳಕ್ಕೆ ಒಂದು ನೇರ ಗೆರೆ, ಸ್ತನದ ಬುಡದ ಮಡಿಕೆಯುದ್ದಕ್ಕೂ ಒಂದು ಅಡ್ಡಗೆರೆ: ಹೊಲಿಗೆ ತಲೆಕೆಳಗಾದ 'ಟಿ' ಅಕ್ಷರದಂತೆ ಕಾಣುತ್ತದೆ. ಬೆಲ್ಜಿಯಂನ ಮಡಲೀನ್ ಲೆಜೂರ್, ಕೆನಡಾದ ಎಲಿಜಬೆತ್ ಹಾಲ್-ಫಿಂಡ್ಲೆ ಮೊದಲಾದವರು ಅಡ್ಡಗೆರೆಯನ್ನು ಬಿಟ್ಟು ನೇರ ಗೆರೆಯಲ್ಲೇ ಮುಗಿಸುವ ವಿಧಾನವನ್ನು ಬಳಕೆಗೆ ತಂದರು. ಆದರೆ ದೊಡ್ಡ ಸ್ತನಗಳಿಗೆ 'ಟಿ' ಹೊಲಿಗೆಯನ್ನು ತಪ್ಪಿಸುವುದು ಸುಲಭವಲ್ಲ.

ತೊಡಕಿನ ತವರು ಈ 'ಟಿ' ಕೂಡುವ ಜಾಗ. ಎಡ, ಬಲಗಳಿಂದ ಎಳೆದು ತಂದ ಎರಡು ಚರ್ಮದ ತುದಿಗಳು ಅಲ್ಲಿ ಬುಡದ ಚರ್ಮವನ್ನು ಸೇರುತ್ತವೆ. ರಕ್ತ ಬರುವ ದಾರಿಯಿಂದ ಅತಿ ದೂರದಲ್ಲಿರುವುದು ಆ ತುದಿಗಳೇ. ನಾಲೆಯ ಕೊನೆಯಂಚಿನ ಗದ್ದೆಗೆ ನೀರು ತಲುಪುವಂತೆ, ಮೇಲಿನವರಿಗೆ ಸಾಕಾಗಿ ಉಳಿದದ್ದು ಅಲ್ಲಿಗೆ ಸಿಗಬೇಕು. ಹೊಲಿಗೆಯ ಎಳೆತವೂ ಅಲ್ಲೇ ಹೆಚ್ಚು, ಸ್ತನದ ಭಾರ ಕೂರುವುದೂ ಅಲ್ಲೇ, ಬೆವರು ನಿಲ್ಲುವುದೂ ಅಲ್ಲೇ. ಹೀಗಾಗಿ ಮೊದಲ ವಾರ ಚೆನ್ನಾಗಿ ಕೂಡಿಕೊಂಡಂತೆ ಕಂಡ ಗಾಯ ಎರಡನೆಯ ವಾರದ ಹೊತ್ತಿಗೆ, ಒಮ್ಮೊಮ್ಮೆ ಮೂರನೆಯ ವಾರದಲ್ಲಿ, ಆ ಬಿಂದುವಿನಲ್ಲಿ ಸ್ವಲ್ಪ ಬಿಟ್ಟುಕೊಳ್ಳುತ್ತದೆ. ಚರ್ಮದ ಅಂಚು ಕಪ್ಪಾಗುತ್ತದೆ, ಹಳದಿ ಪೊರೆ ಕಟ್ಟುತ್ತದೆ, ಬಟ್ಟೆಗೆ ನೀರಿನಂಥ ರಸ ಅಂಟುತ್ತದೆ. ನೋಡಿದವರ ಎದೆ ಧಸಕ್ಕೆನ್ನುವುದು ಸಹಜ. ಆದರೆ ಬಹುಪಾಲು ಸಂದರ್ಭಗಳಲ್ಲಿ ಇದಕ್ಕೆ ಮರು ಆಪರೇಷನ್ ಬೇಡ. ಮತ್ತೆ ಹೊಲಿಗೆ ಹಾಕುವುದೂ ಬೇಡ, ಹಾಕಿದರೆ ನಿಲ್ಲುವುದೂ ಇಲ್ಲ. ದಿನವೂ ತೊಳೆದು ಡ್ರೆಸ್ಸಿಂಗ್ ಬದಲಿಸುತ್ತ ಬಂದರೆ ಕೆಳಗಿನಿಂದ ಹೊಸ ಮಾಂಸ ತುಂಬಿ ಕೆಲವು ವಾರಗಳಲ್ಲಿ ಮಾಯುತ್ತದೆ. ಬ್ರಾವೊ ಅಧ್ಯಯನದ ನೂರಕ್ಕೆ 43ರಲ್ಲಿ ಅತಿ ದೊಡ್ಡ ಪಾಲು ಇದೇ: ಗಾಯ ತಡವಾಗಿ ಮಾಯ್ದವರು 39 ಮಂದಿ. ತೆಗೆದ ಅಂಗಾಂಶದ ತೂಕ ಹೆಚ್ಚಿದಷ್ಟೂ ಈ ತೊಂದರೆಯೂ ಹೆಚ್ಚಿತ್ತು. ಯಾರಿಗೆ ಈ ಚಿಕಿತ್ಸೆ ಅತಿ ಅಗತ್ಯವೋ ಅವರ ಗಾಯವೇ ತಡವಾಗಿ ಮಾಯುವ ಸಂಭವವೂ ಹೆಚ್ಚು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಬೇರೆ ಬೇರೆ ಆಸ್ಪತ್ರೆಗಳು ಬೇರೆ ಬೇರೆ ಅಂಕಿ ಕೊಡುತ್ತವಲ್ಲ, ಕೆಲವರು ಒಂದಂಕಿಯ ಶೇಕಡಾವಾರು ಹೇಳುತ್ತಾರಲ್ಲ, ಅವರೆಲ್ಲ ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ಅವರು ಎಣಿಸುತ್ತಿರುವುದು ಬೇರೆಯದನ್ನು. ಶಸ್ತ್ರಚಿಕಿತ್ಸೆಯ ತೊಡಕುಗಳನ್ನು ಅಳೆಯಲು 2004ರಿಂದ ಬಳಕೆಯಲ್ಲಿರುವ ಕ್ಲೇವಿಯನ್-ಡಿಂಡೊ ಎಂಬ ಶ್ರೇಣಿಯೊಂದಿದೆ. ಡ್ರೆಸ್ಸಿಂಗ್‌ನಂಥ ಸಣ್ಣ ಆರೈಕೆಯಲ್ಲಿ ಮುಗಿಯುವುದು ಮೊದಲ ದರ್ಜೆ; ಮತ್ತೆ ಆಪರೇಷನ್ ಥಿಯೇಟರ್‌ಗೆ ಒಯ್ಯಬೇಕಾದ್ದು ಮೂರನೆಯದು; ಜೀವಕ್ಕೆ ಅಪಾಯ ಬಂದದ್ದು ನಾಲ್ಕನೆಯದು. ಮೂರನೆಯ ದರ್ಜೆಯಿಂದ ಮೇಲೆ ಮಾತ್ರ ಎಣಿಸಿದರೆ ಅಂಕಿ ಚಿಕ್ಕದಾಗುತ್ತದೆ; ಉದುರಿಬಂದ ಹೊಲಿಗೆ ದಾರವನ್ನೂ ಎಣಿಸಿದರೆ ಅರ್ಧವನ್ನು ಮುಟ್ಟುತ್ತದೆ. ಮೂವತ್ತು ದಿನಕ್ಕೆ ಲೆಕ್ಕ ಮುಚ್ಚುವ ಅಧ್ಯಯನಕ್ಕೆ ಆರನೆಯ ತಿಂಗಳಲ್ಲಿ ದಪ್ಪಗಾಗುವ ಕಲೆ ಕಾಣುವುದೇ ಇಲ್ಲ. ಆದ್ದರಿಂದ 'ನಿಮ್ಮಲ್ಲಿ ತೊಡಕು ಎಷ್ಟು?' ಎಂಬ ಪ್ರಶ್ನೆಗೆ ಸಿಗುವ ಒಂಟಿ ಅಂಕಿಗೆ ಬೆಲೆಯಿಲ್ಲ. 'ಡ್ರೆಸ್ಸಿಂಗ್‌ನಲ್ಲಿ ಮುಗಿಯುವುದು ಎಷ್ಟು, ಮತ್ತೆ ಥಿಯೇಟರ್‌ಗೆ ಒಯ್ಯುವುದು ಎಷ್ಟು?' ಎಂದು ಬಿಡಿಸಿ ಕೇಳಬೇಕು. ಬಿಡಿಸಿ ಉತ್ತರ ಕೊಡಲಾಗದವರು ಲೆಕ್ಕ ಇಟ್ಟಿಲ್ಲವೆಂದೇ ಅರ್ಥ.

ಸಣ್ಣದನ್ನು ಸಣ್ಣದೆಂದು ಮೊದಲೇ ಹೇಳುವುದರ ದೊಡ್ಡ ಲಾಭ, ದೊಡ್ಡದು ಬಂದಾಗ ಅದನ್ನು ಗುರುತಿಸಲು ಬರುವುದು. ಕೂಡಲೇ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳು ಬೆರಳೆಣಿಕೆಯವು. ಮೊದಲನೆಯದು, ಒಳಗೆ ರಕ್ತ ಕಟ್ಟುವುದು. ಇದು ಸಾಮಾನ್ಯವಾಗಿ ಮೊದಲ ಒಂದೆರಡು ದಿನದಲ್ಲೇ ಆಗುತ್ತದೆ. ಎರಡೂ ಕಡೆ ಸಮವಾಗಿ ಊದಿಕೊಂಡರೆ ಅದು ಆಪರೇಷನ್ನಿನ ಬಾವು. ಒಂದೇ ಕಡೆ ಕೆಲವೇ ಗಂಟೆಗಳಲ್ಲಿ ಬಿಗಿಯಾಗಿ ಊದಿ, ಮಾತ್ರೆಗೂ ಜಗ್ಗದಂತೆ ನೋವು ಏರಿದರೆ ಅದು ಬೇರೆ. ಕಟ್ಟಿದ ರಕ್ತ ಚರ್ಮದ ಮೇಲೂ ಪೆಡಿಕಲ್ ಮೇಲೂ ಒತ್ತಡ ಹಾಕುತ್ತದೆ, ತೆಗೆಯದಿದ್ದರೆ ಎರಡಕ್ಕೂ ಅಪಾಯ. ಎರಡನೆಯದು, ಮೊಲೆತೊಟ್ಟಿನ ಬಣ್ಣ. ಅಲ್ಲಿಗೆ ಬಂದ ರಕ್ತ ಮರಳಿ ಹೋಗಲಾಗದೆ ನಿಂತರೆ ತೊಟ್ಟು ನೀಲಿಗಪ್ಪಾಗುತ್ತದೆ, ರಕ್ತ ಬಾರದೇ ಹೋದರೆ ಬಿಳಿಚಿ ತಣ್ಣಗಾಗುತ್ತದೆ. ಪಠ್ಯಪುಸ್ತಕದ ಚಿತ್ರಗಳು ಹೆಚ್ಚಾಗಿ ಬಿಳಿಯರ ಚರ್ಮದವು. ನಮ್ಮ ಮೈಬಣ್ಣದಲ್ಲಿ ಈ ಬದಲಾವಣೆ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಹಗಲ ಬೆಳಕಿನಲ್ಲಿ ಒಂದು ಕಡೆಯದನ್ನು ಇನ್ನೊಂದರ ಜೊತೆ ಹೋಲಿಸಿ ನೋಡಬೇಕು, ಡಿಸ್ಚಾರ್ಜ್ ಆಗುವ ದಿನವೇ ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ಹೋಲಿಕೆಗೆ ಆಧಾರ ಸಿಗುತ್ತದೆ. ಮೊದಮೊದಲ ಗಂಟೆಗಳಲ್ಲಿ ಸಿಕ್ಕಿಬಿದ್ದರೆ ಕೆಲವು ಹೊಲಿಗೆ ಬಿಚ್ಚಿ ಬಿಗಿತ ಇಳಿಸಿ ತೊಟ್ಟನ್ನು ಉಳಿಸಿಕೊಳ್ಳಬಹುದು. ಮೂರು ದಿನ ಕಾದು ಬಂದವರಿಗೆ ಆ ದಾರಿ ಇರುವುದಿಲ್ಲ. ಮೂರನೆಯದು ಸೋಂಕು: ಜ್ವರ, ಚಳಿ, ದಿನದಿಂದ ದಿನಕ್ಕೆ ಹರಡುವ ಕೆಂಪು, ವಾಸನೆಯ ಕೀವು. ನಾಲ್ಕನೆಯದು ಸ್ತನದಲ್ಲಿ ಕಾಣುವುದೇ ಇಲ್ಲ. ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ಇವು ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶ ಸೇರಿರಬಹುದಾದ ಸೂಚನೆ. ಅಪರೂಪದ್ದು, ಆದರೆ ಪ್ರಾಣಕ್ಕೇ ಕುತ್ತು. ಆಪರೇಷನ್ ಆದವರನ್ನು ಬಾಣಂತಿಯಂತೆ ಹಾಸಿಗೆಯಲ್ಲೇ ಇರಿಸುವ ನಮ್ಮ ಮನೆಗಳ ಮಮತೆ ಇಲ್ಲಿ ತಿರುಗುಬಾಣವಾಗುತ್ತದೆ. ಅದೇ ಸಂಜೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು, ದಿನವೂ ನಡೆಯಬೇಕು.

ನಡೆಯಬೇಕು, ಆದರೆ ಎತ್ತಬಾರದು. ಚೇತರಿಕೆಯ ಬಗ್ಗೆ ನಡೆಯುವ ಸಂವಾದ ಅತ್ಯಂತ ಹೆಚ್ಚು ಹಳಿತಪ್ಪುವುದು ಇಲ್ಲೇ. 'ಒಂದೆರಡು ವಾರದಲ್ಲಿ ಕೆಲಸಕ್ಕೆ ಹೋಗಬಹುದು' ಎಂಬ ಮಾತು ಕುರ್ಚಿಯಲ್ಲಿ ಕೂತು ಮಾಡುವ ಕೆಲಸಕ್ಕೆ ಸರಿ. ಅಡುಗೆಮನೆಗೆ ಅದು ಸಲ್ಲದು. ನಾಲ್ಕರಿಂದ ಆರು ವಾರ ಭಾರ ಎತ್ತಬೇಡಿ ಎಂದು ಸರ್ಜನ್‌ಗಳು ಹೇಳುವಾಗ ಮನಸ್ಸಿನಲ್ಲಿರುವುದು ಜಿಮ್ಮಿನ ಡಂಬೆಲ್. ಕೇಳುವವಳ ಮನೆಯಲ್ಲಿರುವುದು ತುಂಬಿದ ಬಿಂದಿಗೆ, ಅನ್ನ ತುಂಬಿದ ಐದು ಲೀಟರಿನ ಕುಕ್ಕರ್, ನೆನೆದ ಬೆಡ್‌ಶೀಟು, ಸೊಂಟದ ಮೇಲೆ ಏರುವ ಮಗು. ತಂತಿಯ ಮೇಲೆ ಬಟ್ಟೆ ಹರವಲು ತೋಳು ಎತ್ತಿದಾಗ, ಚಪಾತಿ ಒತ್ತುವಾಗ, ನೆಲ ಒರೆಸುವಾಗ ಎದೆಯ ಸ್ನಾಯು ಎಳೆಯುತ್ತದೆ, ಜೊತೆಗೆ ಹೊಲಿಗೆಯೂ ಎಳೆಯುತ್ತದೆ. ಮೂರು ವಾರ ಕಳೆದ ಗಾಯಕ್ಕೆ ಮೂಲ ಚರ್ಮದ ಸುಮಾರು ಕಾಲುಭಾಗದಷ್ಟು ಮಾತ್ರ ಬಲ ಬಂದಿರುತ್ತದೆ. ತಿಂಗಳುಗಳು ಕಳೆದು ಪೂರ್ತಿ ಮಾಯ್ದ ಮೇಲೂ ಅದು ನೂರಕ್ಕೆ ಎಂಬತ್ತನ್ನು ದಾಟುವುದಿಲ್ಲ. ಮೇಲ್ನೋಟಕ್ಕೆ ಒಣಗಿದ ಹೊಲಿಗೆ ಒಳಗೆ ಗಟ್ಟಿಯಾಗಿರುವುದಿಲ್ಲ ಎಂಬ ಈ ಸಂಗತಿಯನ್ನು ರೋಗಿಗೆ ಹೇಳಿದರೆ ಸಾಲದು, ಆಕೆಯ ಗಂಡನಿಗೂ ಅತ್ತೆಗೂ ಕೂರಿಸಿ ಹೇಳಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ 'ಭಾರ ಎತ್ತಬಾರದು' ಎಂಬುದರ ಬದಲು 'ಆರು ವಾರ ಬಿಂದಿಗೆ, ಕುಕ್ಕರ್, ಮಗು ಎತ್ತಬಾರದು' ಎಂದು ಬರೆಯಲು ಹೆಚ್ಚು ಶಾಯಿಯೇನೂ ಖರ್ಚಾಗುವುದಿಲ್ಲ. ಆಸರೆ ಕೊಡುವ, ತಂತಿಯಿಲ್ಲದ ಬ್ರಾವನ್ನು ಹಗಲೂ ರಾತ್ರಿ ಹಾಕಿರಬೇಕಾದ ಅವಧಿಯೂ ಹೆಚ್ಚುಕಡಿಮೆ ಅಷ್ಟೇ. ಬೇಸಿಗೆಯಲ್ಲಿ ಇದು ಹಿಂಸೆ. ತೊಳೆದು ಹಾಕಲು ಮೂರು ನಾಲ್ಕು ಬ್ರಾಗಳಾದರೂ ಬೇಕು.

ಆಪರೇಷನ್ ಆದ ಜಾಗದಲ್ಲಿ ಸೇರುವ ರಕ್ತ, ರಸವನ್ನು ಬಾಟಲಿಗೆ ಹರಿಸಲು ಇಡುವ ಡ್ರೈನ್ ನಳಿಗೆಯ ಬಗ್ಗೆ ಒಂದು ಮಾತು. ಬಾಟಲಿಗೆ ರಕ್ತ ಬರುವುದು ಕಂಡರೆ 'ಕೆಟ್ಟದ್ದೆಲ್ಲ ಹೊರಗೆ ಹೋಯಿತು' ಎಂಬ ಸಮಾಧಾನ ಮನೆಯವರಿಗೆ. ಆದರೆ ಕಾಕ್ರೇನ್ ಸಂಸ್ಥೆಯ 2013ರ ಪರಾಮರ್ಶೆ ಪರೀಕ್ಷಿಸಿದ ಪ್ರಯೋಗಗಳಲ್ಲಿ ನಳಿಗೆಯಿಂದ ಗಮನಾರ್ಹ ಲಾಭ ಕಂಡುಬರಲಿಲ್ಲ. ಆಸ್ಪತ್ರೆವಾಸ ಉದ್ದವಾಗುತ್ತದೆ ಅಷ್ಟೇ. ನಳಿಗೆ ಇಡದ ಸರ್ಜನ್ ಅಸಡ್ಡೆ ಮಾಡಿದರೆಂದು ತಿಳಿಯಬೇಕಿಲ್ಲ.

ಮೊದಲ ಆರು ವಾರ ದಾಟಿದ ಮೇಲೆ ಬರುವ ತೊಡಕುಗಳಿಗೆ ಅವಸರವಿಲ್ಲ, ಆದರೆ ಆಯಸ್ಸು ಹೆಚ್ಚು. ತೊಟ್ಟಿನ ಸ್ಪರ್ಶ ಮಂದವಾಗಬಹುದು ಅಥವಾ ಅತಿಸೂಕ್ಷ್ಮವಾಗಬಹುದು. ಬಹಳ ಜನರಲ್ಲಿ ತಿಂಗಳುಗಳ ಮೇಲೆ ಮರಳುತ್ತದೆ, ಕೆಲವರಲ್ಲಿ ಮರಳುವುದೇ ಇಲ್ಲ. ಕಲೆ ಮೊದಲ ಕೆಲವು ತಿಂಗಳು ದಪ್ಪಗೆ, ಕೆಂಪಗೆ, ತುರಿಕೆಯಿಂದ ಕೂಡಿರುತ್ತದೆ. ಅದು ಹದಕ್ಕೆ ಬರಲು ವರ್ಷ, ಒಂದೂವರೆ ವರ್ಷ ಬೇಕು. ನಮ್ಮಂಥ ಕಂದು ಚರ್ಮದವರಲ್ಲಿ ಉಬ್ಬುಗಲೆ, ಕೆಲಾಯ್ಡ್ ಬಿಳಿಯರಿಗಿಂತ ಹೆಚ್ಚು. ಕಿವಿ ಚುಚ್ಚಿಸಿದ ಜಾಗದಲ್ಲೋ ಹಳೆಯ ಗಾಯದ ಮೇಲೋ ಗಂಟು ಬೆಳೆದವರು ಅದನ್ನು ಮೊದಲೇ ಹೇಳಬೇಕು. ಸಿಲಿಕೋನ್ ಹಾಳೆ ಅಥವಾ ಜೆಲ್, ಬೇಕಾದರೆ ಸ್ಟಿರಾಯ್ಡ್ ಚುಚ್ಚುಮದ್ದು ಇವುಗಳಿಂದ ತಗ್ಗಿಸಬಹುದೇ ಹೊರತು ಅಳಿಸಲಾಗದು. ಇನ್ನು ಗಟ್ಟಿ ಗಂಟಿನ ವಿಷಯ. ರಕ್ತ ಸಾಲದೆ ಸತ್ತ ಕೊಬ್ಬು ಸ್ತನದೊಳಗೆ ಕಲ್ಲಿನಂತಾಗಿ, ತಿಂಗಳುಗಳ ನಂತರ ಕೈಗೆ ಸಿಗುತ್ತದೆ. ಸ್ನಾನ ಮಾಡುವಾಗ ಅದನ್ನು ಮುಟ್ಟಿದ ಹೆಂಗಸಿಗೆ ಮೊದಲು ಹೊಳೆಯುವುದು ಕ್ಯಾನ್ಸರ್. ಮ್ಯಾಮೊಗ್ರಾಂನಲ್ಲೂ ಅದು ಒಮ್ಮೊಮ್ಮೆ ಹಾಗೆಯೇ ಕಾಣುತ್ತದೆ. ಪರೀಕ್ಷಿಸದೆ ಬಿಡುವಂತಿಲ್ಲ, ಆದರೆ ಇಂಥದೊಂದು ಇದೆ ಎಂದು ಮೊದಲೇ ಗೊತ್ತಿದ್ದವಳು ಅದನ್ನು ಮುಚ್ಚಿಟ್ಟುಕೊಳ್ಳದೆ ತೋರಿಸಲು ಬರುತ್ತಾಳೆ. ತೆಗೆದ ಅಂಗಾಂಶವನ್ನು ಪೆಥಾಲಜಿಗೆ ಕಳಿಸುವುದು ವಾಡಿಕೆ. ಹೆಚ್ಚಿನ ಅಧ್ಯಯನಗಳಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನರಲ್ಲಿ ಅದರೊಳಗೆ ಅಡಗಿದ್ದ ಕ್ಯಾನ್ಸರ್ ಸಿಕ್ಕಿದೆ. ಆ ವರದಿಯನ್ನು ಕೇಳಿ ಪಡೆದು, ಕಡತದಲ್ಲಿ ಇಟ್ಟುಕೊಳ್ಳಬೇಕು.

ಹಾಲೂಡಿಸುವ ಪ್ರಶ್ನೆ ಮದುವೆಯಾಗದವರ ಮನೆಗಳಲ್ಲಿ ಎಲ್ಲಕ್ಕಿಂತ ಮೊದಲು ಏಳುತ್ತದೆ, ಏಳಬೇಕಾದ್ದೇ. ಉತ್ತರ ಹೌದು-ಇಲ್ಲಗಳಲ್ಲಿಲ್ಲ. ಹಿಂದಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ಪರಾಮರ್ಶೆಯ ಪ್ರಕಾರ, ತೊಟ್ಟಿನ ಕೆಳಗಿನಿಂದ ಎದೆಗೂಡಿನವರೆಗೆ ಹಾಲಿನ ಗ್ರಂಥಿಯ ಕಂಬವನ್ನು ಪೂರ್ತಿ ಉಳಿಸಿಕೊಂಡ ವಿಧಾನಗಳಲ್ಲಿ ಹಾಲೂಡಿಸಲು ಸಾಧ್ಯವಾದವರ ಮಧ್ಯಕ ಪ್ರಮಾಣ ನೂರಕ್ಕೆ ನೂರು, ಭಾಗಶಃ ಉಳಿಸಿಕೊಂಡಲ್ಲಿ 75, ಉಳಿಸದಿದ್ದಲ್ಲಿ 4. ಸಾಧ್ಯವಾಯಿತೆಂದರೆ ಮಗುವಿಗೆ ಅದೊಂದೇ ಸಾಲುತ್ತಿತ್ತು ಎಂದೇನಲ್ಲ, ಮೇಲುಹಾಲು ಬೇಕಾಗಿರಬಹುದು. ಆದರೂ ಈ ಮೂರು ಅಂಕಿಗಳ ನಡುವಿನ ಅಂತರವನ್ನು ನೋಡಿ. ನೂರರಿಂದ ನಾಲ್ಕಕ್ಕೆ ಇಳಿಸುವ ನಿರ್ಧಾರವನ್ನು ಥಿಯೇಟರ್‌ನಲ್ಲಿ ಸರ್ಜನ್ ಒಬ್ಬರೇ, ರೋಗಿಗೆ ತಿಳಿಯದಂತೆ, ಮಾಡಬಹುದೇ? ಆಪರೇಷನ್ನಿನ ಹಿಂದಿನ ದಿನ ಫಾರಂ ಮುಂದಿಟ್ಟು 'ಇಲ್ಲಿ ಸಹಿ ಹಾಕಿ' ಎನ್ನುವ ನಮ್ಮ ಆಸ್ಪತ್ರೆಗಳ ರೂಢಿಯಲ್ಲಿ ಆಗುವುದು ಅದೇ.

ವೈದ್ಯರ ಪಾಳಯದಿಂದ ಬರುವ ಗಟ್ಟಿ ಆಕ್ಷೇಪ ಹೀಗಿದೆ: ನೂರಕ್ಕೆ 43 ಎಂದು ಮೊದಲೇ ಹೇಳಿದರೆ ಹೆದರಿ ಎದ್ದುಹೋಗುತ್ತಾರೆ; ಒಳಿತಾಗಬಹುದಾದವರೂ ನೋವಿನಲ್ಲೇ ಉಳಿಯುತ್ತಾರೆ; ಹೆದರಿಸುವುದು ವೈದ್ಯನ ಕೆಲಸವಲ್ಲ. ಇದರಲ್ಲಿ ಸತ್ಯಾಂಶವಿದೆ, ನಮ್ಮ ಕಾನೂನೂ ಇದನ್ನು ಒಂದು ಮಟ್ಟಿಗೆ ಒಪ್ಪಿದೆ. ಅರಿವಳಿಕೆ ಕೊಟ್ಟು ತಪಾಸಣೆಗೆಂದು ಮಲಗಿಸಿದ್ದ ಮಹಿಳೆಯ ಗರ್ಭಕೋಶವನ್ನು ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ವಯಸ್ಕ ರೋಗಿಯ ಒಪ್ಪಿಗೆಗೆ ಬೇರೆಯವರ ಒಪ್ಪಿಗೆ ಬದಲಿಯಲ್ಲ, ಚಿಕಿತ್ಸೆಯ ಸ್ವರೂಪ, ಲಾಭ, ಬದಲಿ ಮಾರ್ಗ, ಗಣನೀಯ ಅಪಾಯ ಇವನ್ನು ತಿಳಿಸಿ ಪಡೆದದ್ದೇ ನಿಜವಾದ ಒಪ್ಪಿಗೆ ಎಂದಿತು. ಜೊತೆಗೆ, ರೋಗಿಯನ್ನು ಹೆದರಿಸಿ ಅಗತ್ಯ ಚಿಕಿತ್ಸೆಯಿಂದ ದೂರ ಮಾಡಬಹುದಾದ ದೂರದ, ಬರೀ ಸೈದ್ಧಾಂತಿಕ ಅಪಾಯಗಳನ್ನು ವಿವರಿಸಬೇಕಿಲ್ಲ ಎಂದೂ ಹೇಳಿತು. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2015ರಲ್ಲಿ ಇನ್ನೂ ಮುಂದೆ ಹೋಗಿ, ಆ ರೋಗಿಯ ಸ್ಥಾನದಲ್ಲಿರುವವರಿಗೆ ಯಾವುದು ಮುಖ್ಯವೆನಿಸುತ್ತದೋ ಅದನ್ನೆಲ್ಲ ಹೇಳಬೇಕು ಎಂದಿದೆ. ನಮ್ಮ ಸಡಿಲ ಅಳತೆಗೋಲನ್ನೇ ಹಿಡಿಯೋಣ. ಐವರಲ್ಲಿ ಒಬ್ಬರಿಗೆ ಗಾಯ ತಡವಾಗಿ ಮಾಯುವುದು ದೂರದ ಅಪಾಯವೇ? ಅಲ್ಲವೇ ಅಲ್ಲ. ಹೆದರಿಕೆಯ ವಾದಕ್ಕೆ ಅಂಕಿಯ ಒಳಗೇ ಉತ್ತರವಿದೆ. 43 ಎಂದು ಹೇಳಿ ಸುಮ್ಮನಾದರೆ ಹೆದರಿಸಿದಂತೆ. ಅದರಲ್ಲಿ ಬಹುಪಾಲು ಡ್ರೆಸ್ಸಿಂಗ್‌ನಲ್ಲಿ ಮುಗಿಯುವಂಥದು, ತೊಡಕಾದವರನ್ನು ಸೇರಿಸಿ ನೋಡಿದರೂ ನೋವು ಇಳಿದಿದೆ ಎಂದು ಕೂಡಿಸಿದರೆ ತಿಳಿಸಿದಂತೆ. ಇಷ್ಟಾದ ಮೇಲೂ ಬೇಡ ಎನ್ನುವವಳ ನಿರ್ಧಾರ ಆಕೆಯದು. ಹೇಳದೆ ಆಪರೇಷನ್ ಮಾಡಿಸಿಕೊಂಡವಳು ಎರಡನೆಯ ವಾರ ಗಾಯ ಬಿಟ್ಟುಕೊಂಡದ್ದನ್ನು ಕಂಡು, 'ಕೆಟ್ಟುಹೋಯಿತು' ಎಂದು ಅಳುತ್ತ ಇನ್ನೊಂದು ಆಸ್ಪತ್ರೆಗೆ ಓಡುತ್ತಾಳೆ, ಇಲ್ಲವೇ ನಾಚಿಕೆಯಿಂದ ಯಾರಿಗೂ ತೋರಿಸದೆ ಸೋಂಕು ಬರಿಸಿಕೊಳ್ಳುತ್ತಾಳೆ.

ಇನ್ನೊಂದು ಆಕ್ಷೇಪ ಮನೆಮಂದಿಯದು, ಒಮ್ಮೊಮ್ಮೆ ಡಾಕ್ಟರರದೂ ಹೌದು: ತೂಕ ಇಳಿಸಲಿ, ಒಳ್ಳೆಯ ಬ್ರಾ ಹಾಕಲಿ, ವ್ಯಾಯಾಮ ಮಾಡಲಿ, ಇಷ್ಟು ತೊಡಕಿರುವ ಆಪರೇಷನ್ ಯಾಕೆ? ಕೇಳಲು ನ್ಯಾಯವಾಗಿದೆ. ಆದರೆ ಬ್ರಾವೊ ಅಧ್ಯಯನದ 2002ರ ಭಾಗ ಪರೀಕ್ಷಿಸಿದ್ದು ಇದನ್ನೇ. ತೂಕ ಇಳಿಕೆ, ಫಿಸಿಯೋಥೆರಪಿ, ವಿಶೇಷ ಬ್ರಾ, ಮಾತ್ರೆ ಯಾವುದರಿಂದಲೂ ಶಾಶ್ವತ ಉಪಶಮನ ಸಿಕ್ಕಿರಲಿಲ್ಲ. ಫಿನ್‌ಲೆಂಡಿನಲ್ಲಿ ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಆಪರೇಷನ್ ಮಾಡಿ, ಇನ್ನೊಂದಕ್ಕೆ ಮಾಡದೆ ಹೋಲಿಸಿದ ಪ್ರಯೋಗ 2008ರಲ್ಲಿ ಪ್ರಕಟವಾಯಿತು; ಜೀವನದ ಗುಣಮಟ್ಟ ಸುಧಾರಿಸಿದ್ದು ಮೊದಲ ಗುಂಪಿನಲ್ಲಿ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘದ 2022ರ ಮಾರ್ಗಸೂಚಿ, ಹಲವು ರೋಗಲಕ್ಷಣ ಇರುವವರಿಗೆ ಶಸ್ತ್ರಚಿಕಿತ್ಸೆಯನ್ನೇ ಮೊದಲ ಆಯ್ಕೆಯಾಗಿ ಕೊಡಬೇಕು, ಎಷ್ಟು ಗ್ರಾಂ ತೆಗೆಯುತ್ತೀರಿ ಎಂಬುದನ್ನು ಮಾನದಂಡ ಮಾಡಬಾರದು ಎನ್ನುತ್ತದೆ. ಸರ್ಜನ್‌ಗಳ ಸಂಘ ಸರ್ಜರಿಯನ್ನು ಹೊಗಳುವುದರಲ್ಲಿ ಆಶ್ಚರ್ಯವೇನು ಎಂದು ಹುಬ್ಬು ಹಾರಿಸುವವರು ಹಾರಿಸಲಿ. ಫಿನ್‌ಲೆಂಡಿನ ಪ್ರಯೋಗಕ್ಕೆ ಅವರು ಉತ್ತರ ಕೊಡಬೇಕು. ಸ್ಥೂಲಕಾಯದಿಂದ ಗಾಯದ ತೊಡಕು ಹೆಚ್ಚುತ್ತದೆ ಎಂಬುದು ದಿಟ, ಆದ್ದರಿಂದ ತೂಕ ಇಳಿಸಲು ಸಾಧ್ಯವಾದವರು ಮೊದಲು ಇಳಿಸುವುದು ಒಳ್ಳೆಯದೇ. ಓಡಲಾರದ ಮೈಯವಳಿಗೆ ಓಡಿ ತೂಕ ಇಳಿಸಿ ಬಾ ಎನ್ನುವುದು ಮಾತ್ರ ವೈದ್ಯಕೀಯ ಸಲಹೆಯಲ್ಲ.

ಅಂದಕ್ಕಾಗಿ ಮಾಡಿಸಿಕೊಂಡದ್ದು ಎಂಬ ಹಣೆಪಟ್ಟಿ ಚೇತರಿಕೆಗೇ ಅಡ್ಡಬರುತ್ತದೆ. ಹರ್ನಿಯಾ ಆಪರೇಷನ್ ಆಗಿದೆ ಎಂದರೆ ಮನೆಯಲ್ಲಿ ವಿಶ್ರಾಂತಿ ಸಿಗುತ್ತದೆ, ಆಫೀಸಿನಲ್ಲಿ ರಜೆ ಸಿಗುತ್ತದೆ. ಈ ಆಪರೇಷನ್ ಹೇಳಿಕೊಳ್ಳುವಂಥದಲ್ಲ ಎಂದು ಬಾಯಿ ಮುಚ್ಚಿಕೊಂಡವಳು ವಾರದಲ್ಲೇ ಒಲೆಯ ಮುಂದೆ ನಿಲ್ಲುತ್ತಾಳೆ. ವಿಮೆಯ ಕಥೆಯೂ ಇದೇ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಏಕರೂಪಗೊಳಿಸಿದ ಹೊರಗಿಡುವಿಕೆಗಳ ಪಟ್ಟಿಯಲ್ಲಿ ಎಂಟನೆಯ ಸಂಕೇತದಡಿ ಸೌಂದರ್ಯ ಹಾಗೂ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆ ಬರುತ್ತದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಮರುರಚನೆಗೆ ವಿನಾಯಿತಿ ಇದೆ. ಆರೋಗ್ಯಕ್ಕೆ ನೇರ ಮತ್ತು ತಕ್ಷಣದ ಅಪಾಯ ನಿವಾರಿಸುವ ಅಗತ್ಯ ಚಿಕಿತ್ಸೆಯೆಂದು ವೈದ್ಯರು ಪ್ರಮಾಣೀಕರಿಸಿದರೂ ಇದೆ. 'ತಕ್ಷಣದ' ಎಂಬ ಆ ಒಂದು ಪದದ ಮೇಲೆ ವರ್ಷಗಟ್ಟಲೆಯ ಬೆನ್ನುನೋವು ಸೋಲುವುದೇ ಹೆಚ್ಚು. ಆದ್ದರಿಂದ ಕೆರೆತಕ್ಕೆ ಚರ್ಮವೈದ್ಯರು ಬರೆದ ಚೀಟಿ, ಕತ್ತುನೋವಿನ ಫಿಸಿಯೋಥೆರಪಿಯ ದಾಖಲೆ, ಭುಜದ ಗುಳಿಯ ಫೋಟೊ ಇವನ್ನೆಲ್ಲ ಆಪರೇಷನ್‌ಗೆ ಬಹಳ ಮುಂಚಿನಿಂದಲೇ ಕೂಡಿಸಿಟ್ಟು, ಮುಂಚಿತ ಅನುಮತಿ ಕೇಳಬೇಕು. ತೊಡಕಾಗಿ ಮತ್ತೆ ದಾಖಲಾದರೆ ಆ ಖರ್ಚು ಯಾರದು ಎಂಬುದನ್ನೂ ಆಗಲೇ ಬರಹದಲ್ಲಿ ಪಡೆಯಬೇಕು. ಮೂಲ ಚಿಕಿತ್ಸೆಗೆ ಹಣ ಕೊಡದ ಕಂಪನಿ ಅದರ ತೊಡಕಿಗೂ ಕೈ ಎತ್ತಬಹುದು.

ಗಾಯ ಮಾಯುವುದರಲ್ಲಿ ರೋಗಿಯ ಕೈಯಲ್ಲೇ ಇರುವುದು ಎರಡು ಸಂಗತಿ. ಒಂದು ತಂಬಾಕು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ, 'ಟಿ' ಬಿಂದುವಿಗೂ ತೊಟ್ಟಿಗೂ ತಲುಪಬೇಕಾದ ರಕ್ತವನ್ನು ತಡೆಯುತ್ತದೆ. ಆಪರೇಷನ್‌ಗೆ ಕನಿಷ್ಠ ನಾಲ್ಕು ವಾರ ಮುಂಚೆ, ಆಮೇಲೂ ನಾಲ್ಕು ವಾರ ಬಿಡಬೇಕೆಂಬುದು ಸಾಮಾನ್ಯ ಸಲಹೆ. ನಮ್ಮಲ್ಲಿ ಆಗುವ ಎಡವಟ್ಟೆಂದರೆ, 'ಸಿಗರೇಟು ಸೇದುತ್ತೀರಾ?' ಎಂದು ಕೇಳಿದಾಗ ಹಳ್ಳಿಯ ಹೆಂಗಸು 'ಇಲ್ಲ' ಎನ್ನುತ್ತಾಳೆ, ಅದು ಸುಳ್ಳೂ ಅಲ್ಲ. ಎಲೆಯಡಿಕೆಯ ಜೊತೆ ಹಾಕುವ ಹೊಗೆಸೊಪ್ಪು, ಕಡ್ಡಿಪುಡಿ, ಮೂಗಿಗೇರಿಸುವ ನಶ್ಯ ಇವನ್ನು ಹೆಸರು ಹಿಡಿದು ಕೇಳಿದರೆ ಮಾತ್ರ ಉತ್ತರ ಬದಲಾಗುತ್ತದೆ. ಎರಡನೆಯದು ಊಟ. ಬದನೆಕಾಯಿ ನಂಜು, ಅದು ತಿಂದರೆ ಕೀವಾಗುತ್ತದೆ, ಇದು ತಿಂದರೆ ಹೊಲಿಗೆ ಬಿಡುತ್ತದೆ ಎಂದು ಒಂದೊಂದಾಗಿ ಬಿಡಿಸುತ್ತ ಕೊನೆಗೆ ಗಂಜಿ, ಸಾರನ್ನದಲ್ಲಿ ನಿಲ್ಲಿಸುವ ಪಥ್ಯ ಗಾಯಕ್ಕೆ ಬೇಕಾದ ಪ್ರೋಟೀನನ್ನೇ ಕಸಿದುಕೊಳ್ಳುತ್ತದೆ. ಬದನೆಕಾಯಿ ಬಿಟ್ಟರೆ ನಷ್ಟವಿಲ್ಲ. ಬೇಳೆ, ಕಾಳು, ಮೊಟ್ಟೆ, ಹಾಲು, ಮೊಸರು, ಮೀನು ಬಿಡಬಾರದು. ಮಧುಮೇಹ ಇರುವವರು ಸಕ್ಕರೆ ಹತೋಟಿಗೆ ಬರುವವರೆಗೆ ಆಪರೇಷನ್ ಮುಂದೂಡುವುದೇ ಜಾಣತನ. ಬಿಟ್ಟುಕೊಂಡ ಗಾಯಕ್ಕೆ ಅರಿಸಿನ, ಕೊಬ್ಬರಿ ಎಣ್ಣೆ ತುಂಬುವುದು ಬೇಡ.

ಈ ಶಸ್ತ್ರಚಿಕಿತ್ಸೆಗೆ ಮನಸ್ಸು ಮಾಡಿರುವವರು ಮಾಡುವ ವೈದ್ಯರಿಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಪದವಿ ಇದೆಯೇ ಎಂದು ನೋಡಿಕೊಳ್ಳಿ. ಒಪ್ಪಿಗೆಪತ್ರವನ್ನು ಹಿಂದಿನ ರಾತ್ರಿಯಲ್ಲ, ವಾರದ ಮುಂಚೆ ಕೇಳಿ ಪಡೆಯಿರಿ, ಕನ್ನಡದಲ್ಲಿ ಕೇಳಿ. ಯಾವ ಪೆಡಿಕಲ್, ಯಾವ ಹೊಲಿಗೆ, ಹಾಲೂಡಿಸುವ ಸಾಧ್ಯತೆ ಎಷ್ಟು ಎಂಬುದು ಅದರಲ್ಲಿ ಬರಹದಲ್ಲಿರಲಿ. ಎಲ್ಲಕ್ಕಿಂತ ಹೆಚ್ಚಾಗಿ, ಆಪರೇಷನ್ ಆದ ಮೂರನೆಯ ರಾತ್ರಿ ಎರಡು ಗಂಟೆಗೆ ಒಂದು ಕಡೆ ಊದಿಕೊಂಡರೆ ಯಾವ ನಂಬರಿಗೆ ಫೋನ್ ಮಾಡಬೇಕು, ಆ ಕಡೆ ಯಾರು ಎತ್ತುತ್ತಾರೆ ಎಂದು ಕೇಳಿ. ಆ ಪ್ರಶ್ನೆಗೆ ನೇರ ಉತ್ತರ ಸಿಗದ ಆಸ್ಪತ್ರೆಯಲ್ಲಿ ಸಹಿ ಹಾಕಬೇಡಿ.